ಪಿನ್ನು ಹಾಕಿದ್ರೂ ಕಷ್ಟ, ತೆಗೆದ್ರೂ ಕಷ್ಟ: ಸವಾನಾ ಕರಾವಳಿಯ 34 ದಿನ

ಮೊದ್ಲು ಇದನ್ನ ಒಂದು ರೌಂಡ್ ಕಳಿಸ್ತೀನಿ, ಕೈಯಲ್ಲಿ ಹಿಡ್ದು ನೋಡಿ ಪಕ್ಕದವರಿಗೆ ಕೊಡಿ. ಮೂರು ಪಿನ್ನಿದೆ, ಮೂರಕ್ಕೂ ಕೆಂಪು ರಿಬ್ಬನ್ ಕಟ್ಟಿದೆ. ನಿಜವಾದ್ದಲ್ಲ, ಗಾಬರಿ ಬೇಡ, ನಮ್ಮನೆ ಹತ್ರದ ಲೇತ್ ಅಂಗಡೀಲಿ ಮಾಡ್ಸಿದ್ದು. ಆದ್ರೆ ನಾನು 30 ವರ್ಷ ಹ್ಯಾಂಗರ್‌ನಲ್ಲಿ ಹೆಚ್ಚುಕಮ್ಮಿ ಇಂಥದ್ದನ್ನೇ ಹಾಕಿ ತೆಗೆದು ಹಾಕಿ ತೆಗೆದು ಮಾಡ್ಕೊಂಡು ಬಂದವ್ನು. ವಿಮಾನ ನಿಂತಿರುವಾಗ ಚಕ್ರಕ್ಕೆ ಒಂದು ಪಿನ್ನು, ಪೈಲಟ್ ಸೀಟಿಗೆ ಒಂದು, ರೆಕ್ಕೆ ಕೆಳಗೆ ಏನಾದ್ರೂ ನೇತು ಹಾಕಿದ್ರೆ ಅದಕ್ಕೊಂದು. ಹಾರೋಕೆ ಮುಂಚೆ ಎಲ್ಲಾ ತೆಗೀಬೇಕು, ತೆಗ್ದು ಪೈಲಟ್‌ಗೆ ಕಾಣೋ ಹಾಗೆ ಎತ್ತಿ ಹಿಡೀಬೇಕು, ಅವ್ರು ಎಣಿಸಿ ತಲೆ ಆಡಿಸಿದ ಮೇಲೇನೇ ಮುಂದಿನ ಕೆಲ್ಸ. ಚಕ್ರದ ಪಿನ್ನು ತೆಗೀದೇ ಹಾರಿದ್ರೆ ಚಕ್ರ ಒಳಗೆ ಹೋಗಲ್ಲ. ತೆಗ್ದು ಮರೆತು ನಿಲ್ಲಿಸಿದ್ರೆ, ಯಾರೋ ಹುಡುಗ ಒಳಗೆ ಕೂತು ಲಿವರ್ ಮುಟ್ಟಿದ್ರೆ ವಿಮಾನ ಹೊಟ್ಟೆ ಮೇಲೆ ಕೂರತ್ತೆ. ಅಂದ್ರೆ ಅದೇ ಪಿನ್ನು, ಒಂದು ಗಂಟೆ ಹಿಂದೆ ಕಾಪಾಡ್ತಿದ್ದಿದ್ದು, ಒಂದು ಗಂಟೆ ಆದ್ಮೇಲೆ ಜೀವ ತೆಗೀಬಹುದು.

ಇವತ್ತು ನಾನು ಹೇಳೋಕೆ ಬಂದಿರೋದು ಇಂಥದ್ದೇ ಒಂದು ಪಿನ್ನಿನ ಕಥೆ, ಆದ್ರೆ ಅದು ಸಿಕ್ಕಿಸಿದ್ದು ಅಣುಬಾಂಬಿಗೆ. ಊರು ಸವಾನಾ, ಅಮೆರಿಕದ ಜಾರ್ಜಿಯಾ ರಾಜ್ಯ, ಅಟ್ಲಾಂಟಿಕ್ ಕರಾವಳಿ. ವರ್ಷ 1958.

ನೀವು ಕರಾವಳಿಯವರು, ನಿಮಗೆ ಆ ಜಾಗ ವಿವರಿಸೋದು ಸುಲಭ. ಬೆಂಗಳೂರಲ್ಲಿ ಇದೇ ವಿಷಯ ಮಾತಾಡಿದಾಗ ಅಳಿವೆ ಅಂದ್ರೆ ಏನು ಅಂತಾನೇ ಹತ್ತು ನಿಮಿಷ ಹೇಳ್ಬೇಕಾಯ್ತು. ಸವಾನಾ ನದಿ ಸಮುದ್ರ ಸೇರೋ ಕಡೆ ಟೈಬೀ ಅಂತ ಒಂದು ದ್ವೀಪ, ಅದರ ದಕ್ಷಿಣಕ್ಕೆ ವಾಸ್ಸಾ ಸೌಂಡ್ ಅಂತ ಅಗಲವಾದ ಅಳಿವೆ ಬಾಯಿ, ಸುತ್ತಮುತ್ತ ಮೈಲಿಗಟ್ಟಲೆ ಉಪ್ಪುನೀರಿನ ಜೌಗು ಹುಲ್ಲು, ಕೆಸರು, ಮರಳುದಿಬ್ಬ. ಉಬ್ಬರ ಬಂದಾಗ ಎಲ್ಲಾ ನೀರು, ಇಳಿತದಲ್ಲಿ ಎಲ್ಲಾ ಕೆಸರು. ಸಿಗಡಿ ಹಿಡಿಯೋರು ಇದ್ದಾರೆ. ನಮ್ಮಲ್ಲಿ ಕಾಂಡ್ಲಾ ಗಿಡ ಇರೋ ಜಾಗದಲ್ಲಿ ಅವ್ರಿಗೆ ಹುಲ್ಲಿದೆ, ಅಷ್ಟೇ ವ್ಯತ್ಯಾಸ ಅನ್ಕೊಳಿ.

ಅಲ್ಲಿಂದ ಒಳಗೆ, ಸವಾನಾ ಊರಿನ ಅಂಚಲ್ಲೇ ಹಂಟರ್ ಏರ್‌ಫೋರ್ಸ್ ಬೇಸ್. ಮೊದ್ಲು ಊರಿನ ಮುನ್ಸಿಪಲ್ ಏರೋಡ್ರೋಮ್ ಆಗಿದ್ದಿದ್ದು. ಮೊದಲನೇ ಮಹಾಯುದ್ಧದಲ್ಲಿ ಹೆಸರು ಮಾಡಿದ ಅದೇ ಊರಿನ ಪೈಲಟ್ ಫ್ರಾಂಕ್ ಹಂಟರ್ ಹೆಸರನ್ನ 1940ರಲ್ಲಿ ಇಟ್ರು. ಯುದ್ಧ ಮುಗಿದ ಮೇಲೆ, 1950ರಿಂದ ಅಮೆರಿಕದ ದೊಡ್ಡ ಬಾಂಬರ್‌ಗಳ ಪಡೆ, ಅಂದ್ರೆ ಸ್ಟ್ರಾಟೆಜಿಕ್ ಏರ್ ಕಮಾಂಡ್, ಇಲ್ಲಿ ಬಂದು ಕೂತ್ಕೊಳ್ತು. 1950ರ ದಶಕದ ಕೊನೇ ಹೊತ್ತಿಗೆ ಎರಡು ಬಾಂಬರ್ ವಿಂಗ್ ಇಲ್ಲಿದ್ವು, ಎರಡರಲ್ಲೂ ಬಿ-47 ವಿಮಾನ.

ಇಲ್ಲೊಂದು ಚಿಕ್ಕ ಅಡ್ಡಮಾತು, ವಿಷಯಕ್ಕೆ ಸಂಬಂಧ ಇಲ್ಲ ಆದ್ರೂ ಹೇಳದೇ ಇರಕ್ಕಾಗಲ್ಲ. ಸವಾನಾದಲ್ಲಿ ಇನ್ನೊಂದು ಏರ್‌ಪೋರ್ಟ್ ಇದೆ, ಈಗ ಪ್ಯಾಸೆಂಜರ್ ವಿಮಾನ ಇಳಿಯೋದು, ಅದೂ ಯುದ್ಧದ ಕಾಲದ ಮಿಲಿಟರಿ ಏರ್‌ಫೀಲ್ಡೇ. ಅದರ ರನ್‌ವೇ ಉದ್ದ ಮಾಡುವಾಗ ಒಂದು ಹಳೇ ರೈತ ಕುಟುಂಬದ ಸ್ಮಶಾನ ಅಡ್ಡ ಬಂತು. ಹೆಚ್ಚಿನ ಸಮಾಧಿಗಳನ್ನ ಸ್ಥಳಾಂತರ ಮಾಡಿದ್ರು, ಮನೆಯ ಹಿರಿಯ ಗಂಡ ಹೆಂಡತಿ ಇಬ್ಬರದ್ದು ಬೇಡ ಅಂತ ಮನೆಯವ್ರು ಹಠ ಹಿಡಿದ್ರು. ಹಾಗಾಗಿ ಇವತ್ತಿಗೂ ರನ್‌ವೇ ಒಳಗೇನೇ ಎರಡು ಸಮಾಧಿಕಲ್ಲು ಮಲಗಿಸಿಟ್ಟಿದ್ದಾರೆ, ವಿಮಾನ ಅದರ ಮೇಲೇ ಓಡತ್ತೆ. ನಮ್ಮೂರಲ್ಲಿ ರಸ್ತೆ ಮಧ್ಯೆ ನಾಗಬನ ಬಿಟ್ಟು ಬಳಸಿಕೊಂಡು ಹೋಗ್ತಾರಲ್ಲ, ಹಂಗೇ, ಆದ್ರೆ ಇವ್ರು ಬಳಸಲ್ಲ, ನೇರ ಮೇಲೇ ಹೋಗ್ತಾರೆ. ಸರಿ, ವಾಪಸ್ ಬರ್ತೀನಿ.

ಬಿ-47 ಬಗ್ಗೆ ಸ್ವಲ್ಪ ಹೇಳ್ಬೇಕು. ಆರು ಜೆಟ್ ಎಂಜಿನ್ನು, ಹಿಂದಕ್ಕೆ ಬಾಗಿದ ರೆಕ್ಕೆ, ಇಷ್ಟು ದೊಡ್ಡ ವಿಮಾನಕ್ಕೆ ಬರೀ ಮೂರೇ ಜನ: ಪೈಲಟ್, ಕೋ-ಪೈಲಟ್, ಮೂತಿ ಹತ್ರ ನ್ಯಾವಿಗೇಟರ್. ಆ ನ್ಯಾವಿಗೇಟರ್ರೇ ಬಾಂಬ್ ಹಾಕೋನೂ ಹೌದು. 2,000ಕ್ಕೂ ಮೇಲೆ ಮಾಡಿದ್ರು. ನೋಡೋಕೆ ಬಹಳ ಚಂದ, ಹಾರಿಸೋಕೆ ಬಹಳ ಕಷ್ಟ. ಇಳಿಸುವಾಗ ಸ್ಪೀಡು ಸ್ವಲ್ಪ ಜಾಸ್ತಿ ಆದ್ರೆ ರನ್‌ವೇ ಸಾಲಲ್ಲ, ಸ್ವಲ್ಪ ಕಮ್ಮಿ ಆದ್ರೆ ಕೆಳಗೆ ಬೀಳತ್ತೆ. ಯುದ್ಧ ಇಲ್ಲದ ಕಾಲದಲ್ಲೇ, ಅಭ್ಯಾಸ ಮಾಡ್ತಾ ಮಾಡ್ತಾ, ಇನ್ನೂರಕ್ಕೂ ಹೆಚ್ಚು ಬಿ-47 ಅಪಘಾತದಲ್ಲಿ ಹಾಳಾದ್ವು, ನಾನೂರಕ್ಕೂ ಮೇಲೆ ಜನ ಸತ್ರು. ಶತ್ರುವಿನ ಮೇಲೆ ಒಂದೇ ಒಂದು ಬಾಂಬೂ ಹಾಕದ ವಿಮಾನ ಇದು, ನೆನಪಿಡಿ.

ಅಭ್ಯಾಸಕ್ಕೆ ನಿಜವಾದ ಬಾಂಬ್ ಯಾಕೆ ತಗೊಂಡ್ ಹೋಗ್ತಿದ್ರು ಅಂತ ಕೇಳ್ತೀರಿ, ಕೇಳ್ಲೇಬೇಕು. ಆಗಿನ ಯೋಚನೆ ಏನಂದ್ರೆ, ರಷ್ಯಾ ಮೇಲೆ ಹೋಗೋ ದಿನ ಬಂದ್ರೆ ಸಿಬ್ಬಂದಿಗೆ ಎಲ್ಲಾ ಕೈ ರೂಢಿ ಇರ್ಬೇಕು, ತೂಕ ಅದೇ ಇರ್ಬೇಕು, ಲೋಡಿಂಗ್ ಅದೇ ಇರ್ಬೇಕು. ಆ ಕಾಲದ ಬಾಂಬಿನ ರಚನೆ ಹೇಗಿತ್ತು ಅಂದ್ರೆ, ಹೊರಗೆ ಮಾಮೂಲಿ ಸಿಡಿಮದ್ದಿನ ಕವಚ, ನಡುವೆ ಒಂದು ಚಿಕ್ಕ ಅಣು ಕ್ಯಾಪ್ಸ್ಯೂಲ್. ಕ್ಯಾಪ್ಸ್ಯೂಲ್ ಬೇರೆ ತೆಗ್ದಿಡಬಹುದಿತ್ತು, ಬೇಕಾದಾಗ ಒಳಗೆ ಸೇರಿಸಬಹುದಿತ್ತು. ಕ್ಯಾಪ್ಸ್ಯೂಲ್ ಇಲ್ಲದೆ ಬಿದ್ರೆ ಅಣುಸ್ಫೋಟ ಆಗಲ್ಲ, ಆದ್ರೆ ಸಿಡಿಮದ್ದು ಸಿಡಿಯೋದು ಸಿಡಿಯತ್ತೆ. ಈ ಮಾತು ತಲೇಲಿಟ್ಕೊಳಿ, ಮುಂದೆ ಎಲ್ಲಾ ಇದ್ರ ಮೇಲೇ ನಿಂತಿದೆ.

1958ರ ಫೆಬ್ರವರಿ 5, ರಾತ್ರಿ ಸುಮಾರು ಎರಡು ಗಂಟೆ. ಫ್ಲೋರಿಡಾದ ಹೋಮ್‌ಸ್ಟೆಡ್ ಬೇಸ್‌ನಿಂದ ಹೊರಟ ಒಂದು ಬಿ-47, ಪೈಲಟ್ ಹೊವಾರ್ಡ್ ರಿಚರ್ಡ್‌ಸನ್, ಹೊಟ್ಟೇಲಿ ಮಾರ್ಕ್-15 ಹೈಡ್ರೋಜನ್ ಬಾಂಬ್, ತೂಕ 7,600 ಪೌಂಡ್, ಅಂದ್ರೆ ಹತ್ರ ಹತ್ರ ಮೂರೂವರೆ ಟನ್. ಯುದ್ಧದ ತಾಲೀಮು ಹಾರಾಟ. ಇತ್ತ ಚಾರ್ಲ್ಸ್‌ಟನ್ ಬೇಸ್‌ನಿಂದ ಎಫ್-86 ಫೈಟರ್‌ಗಳು ಎದ್ವು, ಅವರಿಗೂ ತಾಲೀಮು, ಬರ್ತಿರೋ ಬಾಂಬರ್‌ನ ಶತ್ರು ಅಂತ ತಿಳ್ಕೊಂಡು ಹಿಡಿಯೋದು. ಅಂದ್ರೆ ಇಬ್ಬರೂ ಒಂದೇ ಸೈನ್ಯದವ್ರು, ಇಬ್ಬರೂ ಅವರವರ ಪಾಠ ಸರಿಯಾಗೇ ಒಪ್ಪಿಸ್ತಿದ್ರು. ಕತ್ತಲಲ್ಲಿ ರೇಡಾರ್ ನೋಡ್ಕೊಂಡು ಹೋಗ್ತಿದ್ದ ಒಬ್ಬ ಫೈಟರ್ ಪೈಲಟ್ ಬಾಂಬರ್‌ಗೆ ನೇರ ಗುದ್ದಿದ. ಫೈಟರ್ ಪುಡಿಯಾಯ್ತು. ಪೈಲಟ್ ಸೀಟ್ ಸಮೇತ ಹೊರಗೆ ಹಾರಿ ಪ್ಯಾರಾಚೂಟಲ್ಲಿ ಇಳಿದು ಬದುಕಿಕೊಂಡ, ಆ ಎತ್ತರದ ಚಳಿಗೆ ಕೈ ಮರಗಟ್ಟಿ ಹೋಗಿತ್ತು ಪಾಪ.

ಬಾಂಬರ್ ಕಥೆ ಕೇಳಿ. 38,000 ಅಡಿಯಿಂದ ಧಡಧಡ ಅಂತ 20,000ಕ್ಕೆ ಇಳೀತು, ಅಲ್ಲಿ ಹೇಗೋ ಹಿಡಿತಕ್ಕೆ ಸಿಕ್ತು. ಬಲಗಡೆ ತುದಿಯ ಎಂಜಿನ್ ಕಿತ್ತು ಜೋತಾಡ್ತಿದೆ. ಹತ್ತಿರದ ದೊಡ್ಡ ರನ್‌ವೇ ಅಂದ್ರೆ ಹಂಟರ್. ಸರ್ಕಾರದ ವರದಿ ಪ್ರಕಾರ ಮೂರು ಸಲ ಇಳಿಸೋಕೆ ನೋಡಿದ್ರು, ಸ್ಪೀಡು ಸಾಕಷ್ಟು ಕಮ್ಮಿ ಮಾಡೋಕೆ ಆಗ್ಲಿಲ್ಲ. ಅದರ ಜೊತೆಗೆ ಹಂಟರ್ ರನ್‌ವೇ ತುದೀಲಿ ರಿಪೇರಿ ಕೆಲಸ ನಡೀತಿತ್ತು. ಅಕಸ್ಮಾತ್ ರನ್‌ವೇಗಿಂತ ಸ್ವಲ್ಪ ಮುಂಚೆ ನೆಲ ಮುಟ್ಟಿ ವಿಮಾನ ಗಕ್ಕನೆ ನಿಂತ್ರೆ, ಹಿಂದೆ ಇರೋ ಮೂರೂವರೆ ಟನ್ ಬಾಂಬ್ ನಿಲ್ಲಲ್ಲ, ಕೋವಿಯಿಂದ ಗುಂಡು ಬಂದಂಗೆ ಇವರನ್ನ ನುಗ್ಗಿಕೊಂಡು ಮುಂದೆ ಬರತ್ತೆ. ಬಸ್ಸಲ್ಲಿ ಬ್ರೇಕ್ ಹಾಕಿದಾಗ ಮೇಲಿಟ್ಟ ಅಕ್ಕಿ ಮೂಟೆ ಬರಲ್ವಾ, ಹಂಗೆ.

ರಿಚರ್ಡ್‌ಸನ್ ಟೈಬೀ ಹತ್ರದ ಸಮುದ್ರದ ಕಡೆ ತಿರುಗಿಸಿ, ಸುಮಾರು 7,200 ಅಡಿ ಎತ್ತರದಿಂದ ಬಾಂಬ್ ಕೆಳಗೆ ಬಿಟ್ರು. ಸ್ಫೋಟ ಕಾಣ್ಲಿಲ್ಲ, ಕೇಳ್ಲೂ ಇಲ್ಲ. ಆಮೇಲೆ ಹಗುರಾದ ವಿಮಾನ ತಂದು ಹಂಟರ್‌ನಲ್ಲಿ ಇಳಿಸಿದ್ರು, ಮೂರೂ ಜನ ಸಲೀಸಾಗಿ ಬದುಕಿದ್ರು. ಅವರಿಗೆ ಶೌರ್ಯ ಪದಕ ಸಿಕ್ತು, ಸಿಗ್ಬೇಕಾದ್ದೇ, ಆ ವಿಮಾನ ಇಳಿಸೋದು ಸಾಮಾನ್ಯ ಕೆಲಸ ಅಲ್ಲ.

ಮಾರನೇ ದಿನದಿಂದ ಹುಡುಕಾಟ. ಡೈವರ್‌ಗಳು, ನೇವಿಯವ್ರು, ಬಾಂಬ್ ನಿಷ್ಕ್ರಿಯ ಮಾಡೋ ದಳ, ಕೈಯಲ್ಲಿ ಹಿಡಿಯೋ ಸೋನಾರ್, ಅಂದ್ರೆ ಶಬ್ದ ಬಿಟ್ಟು ನೀರೊಳಗಿನ ವಸ್ತು ಪತ್ತೆ ಮಾಡೋ ಯಂತ್ರ. ಮೂರು ಚದರ ಮೈಲಿ ಜಾಗ. ನಮಗೆ ಮೂರು ಚದರ ಮೈಲಿ ಅಂದ್ರೆ ಏನ್ ಮಹಾ ಅನ್ಸತ್ತೆ, ಆದ್ರೆ ಅಳಿವೆ ಕೆಸರಲ್ಲಿ ಚಪ್ಪಲಿ ಕಳ್ಕೊಂಡವ್ರಿಗೆ ಗೊತ್ತು. ಅಲ್ಲಿ ಕಾಲಿಟ್ರೆ ಮೊಣಕಾಲು, ಮೇಲೆ ಎಳೆದ್ರೆ ಕಾಲು ಬರತ್ತೆ ಚಪ್ಪಲಿ ಬರಲ್ಲ. 12 ಅಡಿ ಉದ್ದದ ಲೋಹದ ಸಿಲಿಂಡರ್ 7,000 ಅಡಿ ಮೇಲಿಂದ ಬಂದು ಆ ಕೆಸರಿಗೆ ಹೊಕ್ಕಿದೆ, ಮೇಲೆ ದಿನಕ್ಕೆ ಎರಡು ಸಲ ಉಬ್ಬರ ಬಂದು ಗಾಯ ಸವರಿ ಹೋಗ್ತಿದೆ. ಅದಕ್ಕಿಂತ ದೊಡ್ಡ ತೊಂದ್ರೆ, ಎಲ್ಲಿ ಬಿತ್ತು ಅಂತ ಸರಿಯಾಗಿ ನೋಡಿದವ್ರೇ ಇಲ್ಲ. ರಾತ್ರಿ, ಸಮುದ್ರ, ಮೇಲೆ ಮೂರು ಜನ ಜೀವ ಉಳಿಸ್ಕೊಳ್ಳೋ ಗಡಿಬಿಡೀಲಿ. ಎರಡು ತಿಂಗಳ ಮೇಲೆ ಹುಡುಕಿ ಏಪ್ರಿಲ್ 16ಕ್ಕೆ ಕೈ ಚೆಲ್ಲಿದ್ರು, ಮರಳಿ ಸಿಗದ ಹಾಗೆ ಕಳೆದುಹೋಗಿದೆ ಅಂತ ಬರೆದು ಮುಗಿಸಿದ್ರು.

ಆದ್ರೆ ಕಥೆಯ ಎರಡನೇ ಭಾಗ ಆ ಹುಡುಕಾಟ ಮುಗಿಯೋಕ್ಕೆ ಮುಂಚೆನೇ ಶುರುವಾಯ್ತು. ಡೈವರ್‌ಗಳು ಇನ್ನೂ ನೀರಲ್ಲೇ ಇದ್ರು. ಮಾರ್ಚ್ 11, ಅಂದ್ರೆ ಮೊದಲನೇದರಿಂದ 34 ದಿನ.

ಈ ಸಲ ವಿಮಾನ ಹಂಟರ್‌ದ್ದೇ. ನಾಲ್ಕು ಬಿ-47 ಸಾಲಾಗಿ ಇಂಗ್ಲೆಂಡಿಗೆ ಹೊರಟಿದ್ವು, ಅದ್ರಲ್ಲಿ ಮೂರನೇದು. ಹೊಟ್ಟೇಲಿ ಮಾರ್ಕ್-6 ಅಣುಬಾಂಬ್, ಒಳಗೆ ಕ್ಯಾಪ್ಸ್ಯೂಲ್ ಇಲ್ಲ. ಈಗ ಪಿನ್ನು ಬಂತು ನೋಡಿ. ಬಾಂಬನ್ನ ಮೇಲಿನ ಕೊಂಡಿಗೆ ನೇತು ಹಾಕಿರ್ತಾರೆ, ಆ ಕೊಂಡಿ ತಂತಾನೇ ಬಿಚ್ಚಿಕೊಳ್ಳಬಾರ್ದು ಅಂತ ಅಡ್ಡಕ್ಕೆ ಒಂದು ಲಾಕಿಂಗ್ ಪಿನ್ನು. ಆಗಿನ ನಿಯಮ ಏನು ಗೊತ್ತಾ? ಟೇಕಾಫ್ ಆಗುವಾಗ, ಲ್ಯಾಂಡ್ ಆಗುವಾಗ ಪಿನ್ನು ತೆಗ್ದಿರ್ಬೇಕು. ಯಾಕೆ ಅಂದ್ರೆ ಏರುವಾಗ ಎಂಜಿನ್ ಕೈಕೊಟ್ರೆ ತಕ್ಷಣ ಬಾಂಬ್ ಬಿಸಾಕಿ ವಿಮಾನ ಉಳಿಸ್ಕೊಳ್ಳೋಕೆ. ಮೇಲೆ ಹೋದ್ಮೇಲೆ ಕೋ-ಪೈಲಟ್ ಒಂದು ಲಿವರ್ ಎಳೆದು ಪಿನ್ನು ಸೇರಿಸ್ಬೇಕು.

ಕೇಳೋಕೆ ಸರಿಯಾಗೇ ಇದೆ ಅಲ್ವಾ? ನಾನು ಹ್ಯಾಂಗರ್‌ನಲ್ಲಿದ್ದಾಗ ಈ ನಿಯಮ ಓದಿದ್ರೆ ನಾನೂ ಸೈ ಅಂತಿದ್ದೆ. ಆದ್ರೆ ಆ ನಿಯಮ ಬರೆದವ್ರು ವಿಮಾನದ ಒಳಗೆ ಕೂತು ಬರೆದಿದ್ದಾರೆ. ಕೆಳಗೆ ಮನೆ ಕಟ್ಕೊಂಡು ಇರೋನ ಜಗಲಿ ಮೇಲೆ ಕೂತು ಬರೆದಿದ್ರೆ ಬೇರೆ ಥರ ಬರೀತಿದ್ರು. ನನ್ನ ಪ್ರಕಾರ ಈ ಇಡೀ ಕಥೇಲಿ ಗಮನಿಸಬೇಕಾದ್ದು ಇದೊಂದೇ, ಸೇಫ್ಟಿ ಅಂತ ಯಾರಾದ್ರೂ ಅಂದ್ರೆ ಯಾರ ಸೇಫ್ಟಿ ಅಂತ ವಾಪಸ್ ಕೇಳ್ಬೇಕು.

ಆವತ್ತು ಲೋಡ್ ಮಾಡುವಾಗಲೇ ಆ ಪಿನ್ನು ಸರಿಯಾಗಿ ಕೂರ್ತಿರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಬಾಂಬಿನ ಭಾರ ಬೇರೆ ಪಟ್ಟಿ ಮೇಲೆ ಎತ್ತಿ ಹಿಡಿದು, ಸುತ್ತಿಗೇಲಿ ತಟ್ಟಿ ತಟ್ಟಿ ಕೂರಿಸಿದ್ರು. ಹೊತ್ತಾಗಿತ್ತು, ಮೇಲಿನವ್ರ ಒತ್ತಡ, ಪಿನ್ನು ಒಳಗೆ ಹೊರಗೆ ಸಲೀಸಾಗಿ ಓಡ್ತಾ ಅಂತ ಚೆಕ್ ಮಾಡೋದು ಬಿಟ್ಟುಹೋಯ್ತು. ಇದನ್ನ ಮೊದಲ ಸಲ ಓದಿದಾಗ ನನಗೆ ಬೆನ್ನಲ್ಲಿ ನೀರಿಳೀತು. ಯಾಕಂದ್ರೆ ಸುತ್ತಿಗೆ ತಟ್ಟೋ ಆ ಮನುಷ್ಯ ನಂಗೆ ಗೊತ್ತು. ಆತ ನಾನೇ. ಕೆಲವು ಸಲ ಪಿನ್ನು ಕೂರಲ್ಲ, ಪಕ್ಕದಲ್ಲಿ ಸೂಪರ್‌ವೈಸರ್ ವಾಚ್ ನೋಡ್ತಿರ್ತಾರೆ, ಎರಡು ಏಟು ಹಾಕಿದ್ರೆ ಕೂರತ್ತೆ, ಕೂತ ಮೇಲೆ ಎಲ್ಲರಿಗೂ ಸಮಾಧಾನ. ಏಟು ಹಾಕಿ ಕೂರಿಸಿದ ಪಿನ್ನು ಎಳೆದ್ರೆ ಬರಲ್ಲ, ಬಂದ್ರೆ ಮತ್ತೆ ಕೂರಲ್ಲ.

ಹಂಗೇ ಆಯ್ತು. ವಿಮಾನ ಏರಿತು, 15,000 ಅಡಿ. ಕೋ-ಪೈಲಟ್ ಲಿವರ್ ಎಳೆದ, ಪಿನ್ನು ಸೇರಿಲ್ಲ ಅಂತ ಕೆಂಪು ದೀಪ. ಮತ್ತೆ ಎಳೆದ, ಮತ್ತೆ ಕೆಂಪು ದೀಪ. ಕ್ಯಾಪ್ಟನ್ ನ್ಯಾವಿಗೇಟರ್‌ಗೆ ಹೇಳಿದ್ರು, ಹಿಂದೆ ಹೋಗಿ ಕೈಯಲ್ಲೇ ಸರಿ ಮಾಡ್ಬಿಟ್ಟು ಬಾ. ಬಾಂಬ್ ಇರೋ ಜಾಗಕ್ಕೆ ಹೋಗೋ ದಾರಿ ಎಷ್ಟು ಚಿಕ್ಕದು ಅಂದ್ರೆ ಪ್ಯಾರಾಚೂಟ್ ಹಾಕ್ಕೊಂಡು ನುಗ್ಗೋಕೆ ಆಗಲ್ಲ, ಬಿಚ್ಚಿಟ್ಟು ಹೋಗ್ಬೇಕು. ಮೂಗಿಗೆ ಆಕ್ಸಿಜನ್ ಮಾಸ್ಕ್. ಒಳಗೆ ಹೋದ್ರೆ ಎದುರಿಗೆ ಗೋಡೆ ಥರ ಬಾಂಬು, ಪಿನ್ನು ಎಲ್ಲಿದೆ ಅಂತ ಕಾಣಲ್ಲ. ಆ ಮನುಷ್ಯನಿಗೆ ಆ ಪಿನ್ನು ಎಲ್ಲಿರತ್ತೆ ಅಂತ ಯಾರೂ ಸರಿಯಾಗಿ ತೋರಿಸಿಕೊಟ್ಟಿರಲಿಲ್ಲ. ಹತ್ತು ಹನ್ನೆರಡು ನಿಮಿಷ ಹುಡುಕಿ, ಮೇಲ್ಗಡೆ ಇರ್ಬೇಕು, ಬಾಂಬಿನ ಉಬ್ಬಿನಿಂದಾಗಿ ಮರೆಯಾಗಿದೆ ಅಂತ ಲೆಕ್ಕ ಹಾಕಿದ. ಲೆಕ್ಕ ಸರಿಯಾಗೇ ಇತ್ತು. ಆಳು ಸ್ವಲ್ಪ ಗಿಡ್ಡ, ಮೇಲೆ ಹತ್ತೋಕೆ ಅಂತ ಕೈಗೆ ಸಿಕ್ಕಿದ್ದನ್ನ ಹಿಡ್ಕೊಂಡು ಜೀಕಿದ. ಕೈಗೆ ಸಿಕ್ಕಿದ್ದು ಎಮರ್ಜೆನ್ಸಿ ರಿಲೀಸ್.

ಬಾಂಬ್ ಕೊಂಡಿಯಿಂದ ಕಳಚಿ ಕೆಳಗಿನ ಬಾಗಿಲ ಮೇಲೆ ದೊಪ್ಪಂತ ಬಿತ್ತು, ಅದರ ಮೇಲೆ ಈ ಮನುಷ್ಯ. ಒಂದು ಕ್ಷಣ ಬಾಗಿಲು ತಡೀತು, ಆಮೇಲೆ ಕಿತ್ಕೊಂಡು ತೆರೀತು. ಬಾಂಬ್ ಹೋಯ್ತು. ಈತನೂ ಅದರ ಹಿಂದೆನೇ ಜಾರ್ತಿದ್ದೋನು, ಏನೋ ಒಂದು ಕೈಗೆ ಸಿಕ್ತು, ಹಿಡ್ಕೊಂಡು ಹೇಗೋ ಮೇಲೆ ಬಂದ. ಏನು ಹಿಡ್ಕೊಂಡೆ ಅಂತ ಆಮೇಲೂ ಅವನಿಗೆ ಗೊತ್ತಾಗ್ಲಿಲ್ವಂತೆ.

ಕೆಳಗೆ ದಕ್ಷಿಣ ಕೆರೊಲಿನಾದ ಮಾರ್ಸ್ ಬ್ಲಫ್ ಅಂತ ಹಳ್ಳಿ, ಫ್ಲಾರೆನ್ಸ್ ಊರಿಂದ ಪೂರ್ವಕ್ಕೆ ಹತ್ತು ಕಿಲೋಮೀಟರ್ ಆಸುಪಾಸು. ಒಂದು ಮನೆ, ಹಿತ್ತಲು, ತರಕಾರಿ ತೋಟ, ಕೋಳಿಗಳು. ಅಪ್ಪ ಮಗ ಶೆಡ್ಡಲ್ಲಿ ಏನೋ ಕೆಲಸ ಮಾಡ್ತಿದ್ರು, ಅಮ್ಮ ಮನೆ ಒಳಗೆ, ಮೂರು ಹುಡುಗೀರು ಹಿತ್ತಲ ಆಟದ ಮನೇಲಿ ಆಡ್ತಿದ್ದೋರು ಆಗತಾನೆ ಅಲ್ಲಿಂದ ಎದ್ದು ಮನೆ ಪಕ್ಕಕ್ಕೆ ಬಂದಿದ್ರು. ಸಿಡಿಮದ್ದು ಸಿಡೀತು. ಎಪ್ಪತ್ತು ಅಡಿ ಅಗಲದ ಹೊಂಡ, ಮೂವತ್ತು ಅಡಿ ಹತ್ರ ಆಳ. ಮನೆ ಮತ್ತೆ ವಾಸಕ್ಕೆ ಯೋಗ್ಯ ಉಳೀಲಿಲ್ಲ, ಸುತ್ತಲ ಇನ್ನೂ ಕೆಲವು ಕಟ್ಟಡ, ಒಂದು ಚರ್ಚು ಕೂಡ ಬಿರುಕು ಬಿಟ್ವು. ಆರೂ ಜನಕ್ಕೆ ಗಾಯ, ಸತ್ತವ್ರು ಯಾರೂ ಇಲ್ಲ, ಕೋಳಿಗಳನ್ನ ಬಿಟ್ಟು. ಆ ಅಪ್ಪ ಎರಡನೇ ಮಹಾಯುದ್ಧದಲ್ಲಿ ಪ್ಯಾರಾಟ್ರೂಪರ್ ಆಗಿದ್ದೋನು. ಯುದ್ಧದಲ್ಲಿ ಬದುಕಿ ಬಂದು ತನ್ನ ಹಿತ್ತಲಲ್ಲಿ ತನ್ನದೇ ದೇಶದ ಬಾಂಬ್ ತಿಂದ. ಆ ಕುಟುಂಬ ಕೋರ್ಟಿಗೆ ಹೋಗಿ 54,000 ಡಾಲರ್ ಪರಿಹಾರ ತಗೊಳ್ತು.

ಇನ್ನೊಂದು ವಿಷಯ ಇದೆ, ಇದು ನಗುವಂಥದ್ದೋ ಅಳುವಂಥದ್ದೋ ನೀವೇ ಹೇಳಿ. ಬಾಂಬ್ ಬಿದ್ರೆ ಬೇಸ್‌ಗೆ ತಿಳಿಸೋಕೆ ಒಂದು ಗುಪ್ತ ಕೋಡ್ ಮೆಸೇಜ್ ಇತ್ತು. ಇವ್ರು ಕಳಿಸಿದ್ರು. ಹಂಟರ್‌ನಲ್ಲಿ ಆ ಕೋಡ್ ಯಾರಿಗೂ ಅರ್ಥ ಆಗ್ಲಿಲ್ಲ, ಯಾವತ್ತೂ ಬಳಸಿರಲಿಲ್ಲವಲ್ಲ. ಕೊನೆಗೆ ಪೈಲಟ್ ಫ್ಲಾರೆನ್ಸ್ ಊರಿನ ಪುಟ್ಟ ಸಿವಿಲ್ ಏರ್‌ಪೋರ್ಟ್ ಟವರ್‌ಗೆ ರೇಡಿಯೋ ಮಾಡಿ, ಸ್ವಲ್ಪ ಹಂಟರ್‌ಗೆ ಫೋನ್ ಮಾಡಿ ಹೇಳಿ, ನಮ್ಮ ವಿಮಾನದಿಂದ ಒಂದು ವಸ್ತು ಬಿದ್ದೋಗಿದೆ ಅಂತ ಕೇಳ್ಕೊಂಡ್ರು. ಅದೂ ಕಲೆಕ್ಟ್ ಕಾಲ್, ದುಡ್ಡು ಆ ಕಡೆಯವರೇ ಕೊಡ್ಬೇಕು. ಜಗತ್ತಿನ ಅತಿ ದೊಡ್ಡ ಅಣುಪಡೆಗೆ ತನ್ನ ಬಾಂಬ್ ಬಿದ್ದ ಸುದ್ದಿ ಹೋಗಿದ್ದು ನಮ್ಮ ಕಾಲದ ಟ್ರಂಕ್ ಕಾಲ್ ಥರದ್ರಲ್ಲಿ.

ಈ ಎರಡು ಘಟನೆ ಬಿಡಿಬಿಡಿಯಾಗಿ ನೋಡ್ಬೇಡಿ. ಆ ಎರಡು ತಿಂಗಳ ಕ್ಯಾಲೆಂಡರ್ ನೋಡಿ. ಜನವರಿ 31, ಮೊರಾಕ್ಕೋದ ಸೀದಿ ಸ್ಲಿಮಾನ್ ಬೇಸ್, ಟೇಕಾಫ್ ತಾಲೀಮಲ್ಲಿ ಬಿ-47 ಚಕ್ರ ಮುರಿದು ಬೆಂಕಿ, ಒಳಗೆ ಬಾಂಬ್ ಇತ್ತು, ಗಂಟೆಗಟ್ಟಲೆ ಉರೀತು. ಫೆಬ್ರವರಿ 5, ಟೈಬೀ. ಫೆಬ್ರವರಿ 28, ಇಂಗ್ಲೆಂಡಿನ ಗ್ರೀನಮ್ ಕಾಮನ್, ಏರುವಾಗ ತೊಂದ್ರೆ ಆದ ಬಿ-47 ತನ್ನ ಇಂಧನದ ಟ್ಯಾಂಕ್ ಕೆಳಗೆ ಬಿಟ್ಟಿದ್ದು ನಿಂತಿದ್ದ ಇನ್ನೊಂದು ಬಿ-47 ಹತ್ರ ಬಿದ್ದು ಅದು ಸುಟ್ಟುಹೋಯ್ತು, ಇಬ್ಬರು ಸತ್ರು. ನೋಡಿ, ಅಲ್ಲೂ ಅದೇ, ತೊಂದ್ರೆ ಆದ್ರೆ ಬಿಸಾಕು, ಎಲ್ಲಿ ಬೀಳತ್ತೆ ಅನ್ನೋದು ಆಮೇಲೆ. ಮಾರ್ಚ್ 11, ಮಾರ್ಸ್ ಬ್ಲಫ್. ಎರಡೇ ದಿನ ಬಿಟ್ಟು ಮಾರ್ಚ್ 13, ಒಂದೇ ದಿನ ಎರಡು ಬಿ-47 ಗಾಳಿಯಲ್ಲೇ ಮುರಿದು ಬಿದ್ವು, ಒಂದು ಹೋಮ್‌ಸ್ಟೆಡ್‌ನಲ್ಲಿ, ಇನ್ನೊಂದು ಓಕ್ಲಹೋಮಾದ ಟಲ್ಸಾದಲ್ಲಿ.

ಈ ಕೊನೇ ಎರಡಕ್ಕೆ ಕಾರಣ ಲೋಹದ ದಣಿವು. ತಂತಿ ತಗೊಂಡು ಆಚೆ ಈಚೆ ಬಗ್ಗಿಸಿ ಬಗ್ಗಿಸಿ ಮುರೀತೀವಲ್ಲ, ಅದೇ. ಬಿ-47 ಮಾಡಿದ್ದು ಎತ್ತರದಲ್ಲಿ ನೆಟ್ಟಗೆ ಹಾರೋಕೆ. ರಷ್ಯಾದ ರೇಡಾರ್ ಕಣ್ಣು ತಪ್ಪಿಸ್ಬೇಕು ಅಂತ ಇವ್ರು ಅದನ್ನ ನೆಲಕ್ಕೆ ಹತ್ರ ಓಡಿಸಿ, ಗಕ್ಕನೆ ಮೂತಿ ಮೇಲೆತ್ತಿ ಬಾಂಬ್ ಚಿಮ್ಮಿಸಿ ವಾಪಸ್ ತಿರುಗೋ ಕಸರತ್ತು ಕಲಿಸಿದ್ರು. ಕುದುರೆ ಗಾಡಿ ತಗೊಂಡು ಕಂಬಳದ ಗದ್ದೆಗೆ ಇಳಿಸಿದಂಗೆ. ರೆಕ್ಕೆ ಬುಡ ತಡೀಲಿಲ್ಲ. ರೆಕ್ಕೆ ದೇಹಕ್ಕೆ ಸೇರೋ ಕಡೆ ದಪ್ಪ ಸ್ಟೀಲ್ ಪಿನ್ನುಗಳು, ಮತ್ತೆ ಪಿನ್ನೇ ನೋಡಿ, ಹಳೇ ಹಾಲಿನ ಬಾಟ್ಲಿ ಆಕಾರದಲ್ಲಿ ಇರ್ತಿದ್ವು. ಹೆಚ್ಚುಕಮ್ಮಿ ಎಲ್ಲಾ ಬಿ-47 ಹ್ಯಾಂಗರ್‌ಗೆ ಎಳ್ಕೊಂಡು ಬಂದು ಆ ಪಿನ್ನು ಬಿಚ್ಚಿ ಬಿರುಕು ನೋಡಿ ರಿಪೇರಿ ಮಾಡಿದ್ರು. ಆ ಕೆಲಸಕ್ಕೆ ಇಟ್ಟ ಹೆಸರೇ ಪ್ರಾಜೆಕ್ಟ್ ಮಿಲ್ಕ್ ಬಾಟಲ್.

ಬಾಂಬಿನ ಪಿನ್ನಿನ ನಿಯಮವೂ ಬದಲಾಯ್ತು. ಮಾರ್ಸ್ ಬ್ಲಫ್ ಆದ್ಮೇಲೆ, ಬೇಕು ಅಂತ ಹಾಕೋ ಹೊತ್ತು ಬಿಟ್ರೆ ಉಳಿದಂತೆ ಪಿನ್ನು ಹಾಕೇ ಇರ್ಬೇಕು ಅಂತ ಆರ್ಡರ್ ಬಂತು. ಈಗ ನೀವೇ ಯೋಚ್ನೆ ಮಾಡಿ, ಆ ಹೊಸ ನಿಯಮದಲ್ಲಿ ಟೇಕಾಫ್‌ನಲ್ಲಿ ಎಂಜಿನ್ ನಿಂತ್ರೆ ಮೂರು ಜನ ಬಾಂಬ್ ಹೊತ್ಕೊಂಡೇ ಬೀಳ್ತಾರೆ. ಅಪಾಯ ಕಮ್ಮಿ ಆಗ್ಲಿಲ್ಲ, ಜಗಲಿ ಮೇಲಿಂದ ಎತ್ತಿ ವಿಮಾನದ ಒಳಗೆ ಇಟ್ರು. ನನ್ನ ಕೇಳಿದ್ರೆ ಅದು ಇರ್ಬೇಕಾದ ಜಾಗ ಅದೇ. ಆ ಮೂರು ಜನ ಸಹಿ ಹಾಕಿ ಬಂದವ್ರು, ಆಟದ ಮನೇಲಿದ್ದ ಹುಡುಗೀರು ಎಲ್ಲೂ ಸಹಿ ಹಾಕಿರಲಿಲ್ಲ.

ಸಹಿ ಅಂದಾಗ ನೆನಪಾಯ್ತು. ಟೈಬೀ ಬಾಂಬಿಗೆ ಒಂದು ರಶೀದಿ ಇದೆ. ಹೌದು, ಬಾಂಬ್ ಕೊಡುವಾಗ ಪೈಲಟ್ ಹತ್ರ ರಶೀದಿಗೆ ಸಹಿ ತಗೊಂಡಿದ್ದಾರೆ, ಸ್ಟೋರ್‌ನಿಂದ ಡ್ರಿಲ್ ಮೆಷಿನ್ ತಗೊಂಡಂಗೆ. ಅದ್ರಲ್ಲಿ ಕ್ಯಾಪ್ಸ್ಯೂಲ್ ಜಾಗದಲ್ಲಿ ನಕಲಿ ತೂಕ ಇದೆ, ನಿಜವಾದ ಕ್ಯಾಪ್ಸ್ಯೂಲ್ ಒಳಗೆ ಹಾಕೋಕೆ ನಾನು ಬಿಡಲ್ಲ ಅಂತ ಇದೆ. ವಾಯುಪಡೆ ಅವತ್ತಿಂದ ಇವತ್ತಿಗೂ ಹೇಳೋದು ಅದೇ, ಅಣುಸ್ಫೋಟ ಆಗೋ ಮಾತೇ ಇಲ್ಲ. ಆದ್ರೆ 1966ರಲ್ಲಿ ರಕ್ಷಣಾ ಇಲಾಖೆಯ ದೊಡ್ಡ ಅಧಿಕಾರಿಯೊಬ್ಬರು ಅಮೆರಿಕ ಸಂಸತ್ತಿನ ಅಣುಶಕ್ತಿ ಸಮಿತಿಗೆ ಬರೆದ ಪತ್ರದಲ್ಲಿ ಇದೇ ಬಾಂಬನ್ನ ಕ್ಯಾಪ್ಸ್ಯೂಲ್ ಸಮೇತದ ಪೂರ್ತಿ ಬಾಂಬ್ ಅಂತ ಪಟ್ಟಿ ಮಾಡಿದ್ರು. ಆ ಪತ್ರ 1994ರಲ್ಲಿ ಗುಟ್ಟಿನಿಂದ ಹೊರಗೆ ಬಂತು. ಆಮೇಲೆ ಗಲಾಟೆ ಶುರು. ಸಮುದ್ರದ ತಳದಲ್ಲಿರೋ ವಸ್ತು ಏನು ಅಂತ ತೀರ್ಮಾನ ಮಾಡೋಕೆ ಎರಡು ಕಾಗದ ಜಗಳ ಆಡ್ತಿವೆ. ನನಗೆ ರಶೀದಿ ಮೇಲೆ ಜಾಸ್ತಿ ನಂಬಿಕೆ, ಯಾಕಂದ್ರೆ ರಶೀದಿ ಬರೆದೋನು ಆ ರಾತ್ರಿ ಬಾಂಬ್ ಪಕ್ಕ ನಿಂತಿದ್ದ, ಪತ್ರ ಬರೆದೋರು ಎಂಟು ವರ್ಷ ಆದ್ಮೇಲೆ ಟೇಬಲ್ ಹಿಂದೆ ಕೂತಿದ್ರು. ಆದ್ರೆ ಸುತ್ತಿಗೆ ಏಟು ಹಾಕಿದ ದಿನ ಕೂಡ ಲಾಗ್‌ಬುಕ್ಕಲ್ಲಿ ಎಲ್ಲಾ ಸರಿ ಇದೆ ಅಂತಾನೇ ಸಹಿ ಹಾಕಿರ್ತಾರೆ ಅಂತಲೂ ನನಗೆ ಗೊತ್ತು.

2001ರಲ್ಲಿ ವಾಯುಪಡೆ ಮತ್ತೆ ಲೆಕ್ಕ ಹಾಕಿ, ಅದು ತಳದ ಕೆಸರಲ್ಲಿ 5ರಿಂದ 15 ಅಡಿ ಆಳದಲ್ಲಿ ಇರ್ಬಹುದು, ಒಳಗೆ ಸುಮಾರು 400 ಪೌಂಡ್ ಸಿಡಿಮದ್ದು, ಯುರೇನಿಯಂ ಇದೆ, ಕೆದಕೋದಕ್ಕಿಂತ ಬಿಟ್ಟುಬಿಡೋದೇ ವಾಸಿ ಅಂತು. 2004ರಲ್ಲಿ ಒಬ್ಬ ನಿವೃತ್ತ ವಾಯುಪಡೆ ಅಧಿಕಾರಿ ಸ್ವಂತ ಆಸಕ್ತಿಯಿಂದ ದೋಣಿ ತಗೊಂಡು ಹುಡುಕಿದಾಗ ಒಂದು ಕಡೆ ವಿಕಿರಣ ಜಾಸ್ತಿ ಕಾಣಿಸ್ತು. ಟಿವಿಯವ್ರೆಲ್ಲಾ ಓಡಿಬಂದ್ರು. ಸರ್ಕಾರದವ್ರು ಪರೀಕ್ಷೆ ಮಾಡಿ 2005ರಲ್ಲಿ ಹೇಳಿದ್ದು, ಇದು ಬಾಂಬಿನದ್ದಲ್ಲ, ಮರಳಲ್ಲೇ ಇರೋ ಮೋನಜೈಟ್ ಖನಿಜದ್ದು. ನಮಗೆ ಇದು ಹೊಸದಲ್ಲ, ಕೇರಳದ ಚವರ ಕಡೆ ಕಪ್ಪು ಮರಳಲ್ಲಿ ಇದೇ ಮೋನಜೈಟ್, ಅದರಲ್ಲಿ ಥೋರಿಯಂ, ಮೀಟರ್ ಹಿಡಿದ್ರೆ ಅಲ್ಲೂ ಮುಳ್ಳು ಏರತ್ತೆ.

ಇದಕ್ಕೆ ಎದುರಾಗಿ ಸ್ಪೇನಿನ ಪಲೊಮಾರೆಸ್ ನೋಡಿ. 1966ರ ಜನವರಿಯಲ್ಲಿ ಬಿ-52 ಬಾಂಬರ್, ಗಾಳಿಯಲ್ಲೇ ಇಂಧನ ತುಂಬಿಸಿಕೊಳ್ಳುವಾಗ ಡಿಕ್ಕಿಯಾಗಿ ನಾಲ್ಕು ಬಾಂಬ್ ಬಿತ್ತು, ಒಂದು ಸಮುದ್ರಕ್ಕೆ. ಆ ಒಂದನ್ನ ಕಂಪ್ಯೂಟರ್ ಲೆಕ್ಕ, ನೌಕೆ, ಜಲಾಂತರ್ಗಾಮಿ ಎಲ್ಲಾ ಇಟ್ಕೊಂಡು ಹುಡುಕಿದ್ರು. ಫ್ರಾನ್ಸಿಸ್ಕೋ ಸಿಮೋ ಅಂತ ಒಬ್ಬ ಮೀನುಗಾರ ಮೊದಲ ದಿನದಿಂದ ಹೇಳ್ತಿದ್ದ, ಪ್ಯಾರಾಚೂಟ್ ಕಟ್ಟಿದ್ದ ಏನೋ ಒಂದು ಇಲ್ಲೇ ಬಿದ್ದಿದ್ದು ನಾನು ನೋಡಿದ್ದೀನಿ ಅಂತ. ದಡದ ಗುರುತು ಇಟ್ಕೊಂಡು ಬಲೆ ಬಿಟ್ಟ ಜಾಗ ಮತ್ತೆ ಹುಡ್ಕೋದು ಮೀನುಗಾರರಿಗೆ ದಿನದ ಕೆಲಸ, ನಿಮಗೆ ನಾನೇನು ಹೇಳೋದು. ಕೊನೆಗೆ ಅವನು ಹೇಳಿದ ಕಡೆ ಹುಡುಕಿದ್ಮೇಲೇ ಸಿಕ್ತು, 2,500 ಅಡಿ ಆಳದಲ್ಲಿ. ಏಪ್ರಿಲ್ 7ಕ್ಕೆ ಮೇಲೆ ಎತ್ತಿದ್ರು, ಬಿದ್ದು 80 ದಿನ ಆಗಿತ್ತು. ಟೈಬೀಲಿ ಆ ರಾತ್ರಿ ಅಂಥ ಒಬ್ಬ ದೋಣಿಯವ್ನು ಎಚ್ಚರ ಇದ್ದಿದ್ರೆ, ಕತ್ತಲು ಅಷ್ಟು ಇಲ್ಲದೇ ಇದ್ದಿದ್ರೆ ಅಂತ ನನಗೆ ಯಾವಾಗ್ಲೂ ಅನ್ಸತ್ತೆ.

ನನ್ನದೇ ಒಂದು ಹೇಳಿ ಮುಗಿಸ್ತೀನಿ, ಯಾವ ಹ್ಯಾಂಗರ್ ಅಂತ ಕೇಳ್ಬೇಡಿ. ಒಂದು ಸಂಜೆ ಡ್ಯೂಟಿ ಮುಗಿಸುವಾಗ ಟೂಲ್ ಬೋರ್ಡ್‌ನಲ್ಲಿ ಒಂದು ಸ್ಪ್ಯಾನರ್ ಕಮ್ಮಿ. ಬೋರ್ಡ್ ಮೇಲೆ ಪ್ರತಿ ಟೂಲಿನ ನೆರಳು ಬಣ್ಣದಲ್ಲಿ ಬರೆದಿರತ್ತೆ, ಯಾವುದು ಇಲ್ಲ ಅಂತ ದೂರದಿಂದಲೇ ಕಾಣತ್ತೆ. ಬೆಳಿಗ್ಗೆ ಆ ವಿಮಾನ ಹೋಗ್ಲೇಬೇಕಿತ್ತು, ದೊಡ್ಡವ್ರು ಯಾರೋ ಕಾಯ್ತಿದ್ರು. ನಮ್ಮ ಮೇಸ್ತ್ರಿ ಹಳೇ ಕಾಲದವ್ರು, ಅಣ್ಣಾ ಅಂತ ಎಲ್ಲರೂ ಕರೀತಿದ್ರು, ಅವ್ರು ಒಂದೇ ಮಾತು, ಸ್ಪ್ಯಾನರ್ ಸಿಗೋ ತನಕ ಪ್ಯಾನೆಲ್ ಮುಚ್ಚಲ್ಲ. ರಾತ್ರಿ ಎರಡೂವರೆ ತನಕ ನಾಲ್ಕು ಜನ ಟಾರ್ಚ್ ಹಿಡ್ಕೊಂಡು ಹೊಟ್ಟೆ ಒಳಗೆ ಹುಡುಕಿದ್ವಿ. ಸಿಕ್ಕಿದ್ದು ಎಲ್ಲಿ? ನನ್ನ ಊಟದ ಡಬ್ಬಿ ಚೀಲದಲ್ಲಿ. ಅಣ್ಣ ಬೈಲಿಲ್ಲ. ಬೋರ್ಡಿಗೆ ನೇತು ಹಾಕು ಅಂದ್ರು, ಟೀ ಕುಡಿಯೋಕೆ ಕರ್ಕೊಂಡು ಹೋದ್ರು. ಮಾರನೇ ದಿನ ವಿಮಾನ ಲೇಟಾಯ್ತು ಅಂತ ಬೈಗುಳ ತಿಂದಿದ್ದು ಅವ್ರು.

ಪ್ರಶ್ನೆ ಇದ್ರೆ ಕೇಳಿ. ಅದಕ್ಕೆ ಮುಂಚೆ ನನ್ನ ಪಿನ್ನುಗಳು ವಾಪಸ್ ಬರ್ಲಿ. ಒಂದು... ಎರಡು. ಮೂರು ಕಳಿಸಿದ್ದೆ. ಹಿಂದಿನ ಸಾಲಿನವ್ರು ಸ್ವಲ್ಪ ಕುರ್ಚಿ ಕೆಳಗೆ ನೋಡಿ, ಕೆಂಪು ರಿಬ್ಬನ್ ಇರತ್ತೆ, ಕಾಣತ್ತೆ. ಸಿಗೋ ತನಕ ಯಾರೂ ಏಳೋ ಹಂಗಿಲ್ಲ.